ನೇರಳಕಜೆ ಎಂಬ ಹೆಸರಿನ ಮನುಷ್ಯ

ಭಾಗಮಂಡಲ: ಖಾಲಿ ಜಾಗ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಇಪ್ಪತ್ತಾರು ವರ್ಷದಿಂದ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ, ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಗೀಟು ಹಾಕುವವನು. ಇಂಥವನು ಮಲೇಷ್ಯಾಕ್ಕೆ ಹೋಗಿಬಂದ ಕಥೆ ಬರೆಯಲು ಕೂತಿದ್ದಾನೆ ಎಂದರೆ ನನ್ನ ಹೆಂಡತಿಗೇ ನಗು. ನಗಲಿ. ನಾನು ತಂದದ್ದನ್ನು ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ತಂದಿರಲಿಲ್ಲ.

ನಮ್ಮ ಮೂಲ ಮನೆ ಭಾಗಮಂಡಲದಿಂದ ಮೇಲಕ್ಕೆ ಹತ್ತಿ ಹೋದರೆ ಸಿಗುತ್ತದೆ. ನಾವು ಅರೆಭಾಷೆ ಗೌಡರು. ಮನೆ ಹೆಸರು ನೇರಳಕಜೆ. ನಮ್ಮಲ್ಲಿ ಯಾರನ್ನು ಕೇಳಿದರೂ ಮೊದಲು ಮನೆ ಹೆಸರು ಹೇಳಿ, ಆಮೇಲೆ ತಮ್ಮ ಹೆಸರು ಹೇಳುತ್ತಾರೆ. ನಾನು ನೇರಳಕಜೆ ಪೂವಯ್ಯ. ನನ್ನ ಅಜ್ಜನೂ ನೇರಳಕಜೆ ಪೂವಯ್ಯನೇ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಚಿಕ್ಕಂದಿನಲ್ಲಿ ನನ್ನನ್ನು ಬೈಯಬೇಕಾದರೆ ಅಜ್ಜಿ ಬಾಗಿಲು ಮುಚ್ಚಿ ಬೈಯುತ್ತಿದ್ದಳು.

ವರ್ಷಕ್ಕೊಮ್ಮೆ, ಹೊಸ ಭತ್ತದ ಹುತ್ತರಿ ಹಬ್ಬಕ್ಕೆ ಮೊದಲು, ಮನೆಯ ನಡುಕೋಣೆಯಲ್ಲಿ ಹಿರಿಯರಿಗೆ ಎಲೆ ಹಾಕುತ್ತೇವೆ. ಸತ್ತವರ ಹೆಸರನ್ನು ಒಂದೊಂದಾಗಿ ಕೂಗಿ, ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಸಿ, ಅನ್ನ, ಕೋಳಿ, ಹಂದಿಸಾರು ಬಡಿಸುವುದು. ಕೂಗುವವರು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ಹನ್ನೊಂದು ಎಲೆ ಆಗುತ್ತದೆ. ಪೂವಯ್ಯಜ್ಜನ ಎಲೆ ಹಾಸಿದ ಮೇಲೆ ದೊಡ್ಡಪ್ಪ ಒಂದು ಎಲೆಯಷ್ಟು ಜಾಗ ಬಿಟ್ಟು ಮುಂದಿನ ಹೆಸರಿಗೆ ಹೋಗುತ್ತಾರೆ. ಬಿಟ್ಟ ಜಾಗ ಪೂವಯ್ಯಜ್ಜನ ತಮ್ಮ ಸುಬ್ಬಯ್ಯನದು.

ಸುಬ್ಬಯ್ಯ ಬ್ರಿಟಿಷರ ಕಾಲದಲ್ಲಿ, ಇಲ್ಲಿನ ತೋಟದ ದೊರೆಯೊಬ್ಬ ಮಲಯಾಕ್ಕೆ ಹೊರಟಾಗ, ಮನೆಯಲ್ಲಿ ಒಂದು ಮಾತೂ ಹೇಳದೆ ಅವನ ಹಿಂದೆ ಹೋದವನು. ಅಲ್ಲಿಂದ ಒಂದೇ ಒಂದು ಕಾಗದ ಬಂತು: ಇಪೋ ಹತ್ತಿರದ ರಬ್ಬರ್ ಎಸ್ಟೇಟಿನಲ್ಲಿ ಕಿರಾಣಿ ಕೆಲಸ ಸಿಕ್ಕಿದೆ, ಕ್ಷೇಮ. ಅಲ್ಲಿ ಎಸ್ಟೇಟಿನ ರೈಟರನ್ನೇ ಕಿರಾಣಿ ಅನ್ನುತ್ತಾರೆಂದು ಯಾರಿಗೆ ಗೊತ್ತು? ನಮ್ಮವರು ಅವನು ಮಲಯಾದಲ್ಲಿ ಅಕ್ಕಿ ಬೇಳೆಯ ಅಂಗಡಿ ಇಟ್ಟಿದ್ದಾನೆಂದು ನಂಬಿಕೊಂಡಿದ್ದರು. ಅಜ್ಜ ಬರೆದ ಜವಾಬು, ಆ ಹೆಸರಿನವರು ಇಲ್ಲಿಲ್ಲ ಎಂಬ ಕೆಂಪು ಶಾಯಿಯ ಬರಹದೊಂದಿಗೆ ವಾಪಸು ಬಂತು. ಆಮೇಲೆ ಯುದ್ಧ. ಆಮೇಲೆ ಏನೂ ಇಲ್ಲ.

ಅವನು ಬದುಕಿದ್ದರೆ ಈಗ ನೂರು ದಾಟಿ ಎಷ್ಟೋ ವರ್ಷ ಆಗಿರುತ್ತಿತ್ತು, ಎಲೆ ಹಾಕಿದರೆ ತಪ್ಪೇನು ಎಂದು ನಾನು ಒಮ್ಮೆ ಕೇಳಿದ್ದೆ. ದೊಡ್ಡಪ್ಪ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಬದ್ಕಿದ್ದವಂಗೆ ಎಲೆ ಹಾಕಿರೆ ಆಯುಸ್ಸು ಕಮ್ಮಿ ಆದೆ ಅಂತ ಅಪ್ಪ ಹೇಳಿತ್ತ್. ಸತ್ತದ್ದ್ ಕಂಡವು ಬಂದ್ ಹೇಳೊಕು. ನಾವಾಗಿ ಸಾಯ್ಸಿಕೆ ನಾವ್ಯಾರ್?"

ಹೋದ ವರ್ಷ ಅವರಿಗೆ ಎಂಬತ್ತಾರು ತುಂಬಿತು. ಮುಂದಿನ ಸಲ ನಾನೊಮ್ಮೆ ಕೂಗುತ್ತೇನೆ, ಆಮೇಲೆ ನೀನು ಕೂಗು ಎಂದು ನನಗೇ ಹೇಳಿಬಿಟ್ಟರು. ಅದೇ ಸಮಯಕ್ಕೆ ಇಪೋದಿಂದ ಲೀಲಾಳ ಮಗಳ ಮದುವೆಯ ಕರೆ ಬಂತು. ಲೀಲಾ ನನ್ನ ಹೆಂಡತಿಯ ಸೋದರತ್ತೆಯ ಮಗಳು, ಮೂರ್ನಾಡಿನವಳು. ನರ್ಸ್ ಕೆಲಸಕ್ಕೆ ಹೋದವಳು ಅಲ್ಲಿಯ ತಮಿಳರ ಮಾಣಿಕ್ಯಂ ಎಂಬವರನ್ನು ಮದುವೆಯಾಗಿ ಅಲ್ಲೇ ಉಳಿದಿದ್ದಾಳೆ. ಹೆಂಡತಿಗೆ ಮೊಣಕಾಲು ನೋವು, ಹಾಗಾಗಿ ನಾನೊಬ್ಬನೇ ಹೊರಟೆ. ಹೊರಡುವ ಹಿಂದಿನ ದಿನ ದೊಡ್ಡಪ್ಪ ಕಬ್ಬಿಣದ ಪೆಟ್ಟಿಗೆಯಿಂದ ಒಂದು ಹಳದಿಗಟ್ಟಿದ ಲಕೋಟೆ ತೆಗೆದು ಕೈಯಲ್ಲಿಟ್ಟರು. ಅಜ್ಜ ತಮ್ಮನಿಗೆ ಬರೆದು ವಾಪಸು ಬಂದ ಕಾಗದ. ಯಾರೂ ಒಡೆದಿರಲಿಲ್ಲ. ಅವನಿಗೆ ಬರೆದದ್ದು, ನಾವು ಓದುವುದು ಹೇಗೆ ಎಂದರು. ಅವನ ಕಡೆಯವರು ಯಾರಾದರೂ ಸಿಕ್ಕಿದರೆ ಕೊಡು, ಖಾಲಿ ಜಾಗ ನಿನ್ನ ಕೈಗೆ ದಾಟಿಸಿ ಹೋಗಲು ನನಗೆ ಮನಸ್ಸಿಲ್ಲ ಎಂದೂ ಹೇಳಿದರು.

ಕೌಲಾಲಂಪುರ: ಕಪ್ಪು ಸೀಸೆ

ನನ್ನ ಹೆಂಡತಿ ಲೀಲಾಳಿಗೆಂದು ಒಂದು ಸೀಸೆ ಕಾಚಂಪುಳಿ ಕಟ್ಟಿಕೊಟ್ಟಿದ್ದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪುನರ್ಪುಳಿಯ ಜಾತಿಯ ಪುಳಿಹಣ್ಣಿನ ರಸವನ್ನು ಕಪ್ಪಾಗುವ ತನಕ ಕುದಿಸಿ ಇಳಿಸಿದ ಹುಳಿ ಅದು, ಅದಿಲ್ಲದೆ ಕೊಡಗಿನಲ್ಲಿ ಹಂದಿಸಾರು ಇಲ್ಲ. ಸೀಸೆಯ ಬಾಯಿಗೆ ಮೇಣ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಬಟ್ಟೆಯ ಚೀಲದಲ್ಲಿಟ್ಟು, ಪೆಟ್ಟಿಗೆಯ ನಡುವೆ ನನ್ನ ಅಂಗಿಗಳ ಮಧ್ಯೆ ಮಲಗಿಸಿದ್ದಳು. ಭೂಮಿಯ ಮೇಲೆ ಸುಮ್ಮನಿದ್ದ ಸೀಸೆಗೆ ಆಕಾಶದಲ್ಲಿ ಏನಾಯಿತೋ, ಕೌಲಾಲಂಪುರದಲ್ಲಿ ಪೆಟ್ಟಿಗೆ ಕೈಗೆ ಬಂದಾಗ ಅದರ ಮೂಲೆಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

ತಪಾಸಣೆಯ ಹೆಂಗಸು ಪೆಟ್ಟಿಗೆ ತೆಗೆಸಿದಳು. ನಾಲ್ಕು ಬಿಳಿ ಅಂಗಿ, ಎರಡು ಪಂಚೆ, ಎಲ್ಲದರ ಮೇಲೂ ಕಂದು ಭೂಪಟ. ನಾನು ಇಂಗ್ಲಿಷಿನಲ್ಲಿ ಇದು ಅಡುಗೆಯದು, ಹಣ್ಣಿನದು ಎಂದು ತೊದಲುತ್ತಿದ್ದೆ. ಅವಳು ಬಗ್ಗಿ ಮೂಸಿ ನೋಡಿದಳು, ನಕ್ಕಳು, ಹೋಗಿ ಎಂದು ಹೆಬ್ಬೆರಳಿನಿಂದ ದಾರಿ ತೋರಿಸಿದಳು. ಆ ದೇಶದಲ್ಲಿ ಯಾರಿಗೂ ತೋರುಬೆರಳು ಚಾಚುವುದಿಲ್ಲ. ದಾರಿಯಾಗಲಿ, ಮನುಷ್ಯನಾಗಲಿ, ಮುಷ್ಟಿಯ ಮೇಲೆ ಹೆಬ್ಬೆರಳಿಟ್ಟು ತೋರಿಸುತ್ತಾರೆ. ಇಪ್ಪತ್ತಾರು ವರ್ಷ ಬೆರಳು ಚಾಚಿಯೇ ಸಂಬಳ ತೆಗೆದುಕೊಂಡ ನನಗೆ ಇದು ಸ್ವಲ್ಪ ನಾಚಿಕೆ ಹುಟ್ಟಿಸಿತು.

ಲಕೋಟೆ ನನ್ನ ಜೇಬಿನಲ್ಲಿತ್ತು, ಬಚಾವಾಯಿತು.

ಇಪೋ: ಬಿಳಿ ಕಾಫಿಯ ಊರು

ಇಪೋ ಸುತ್ತ ಸುಣ್ಣಕಲ್ಲಿನ ಬೆಟ್ಟಗಳಿವೆ. ಚೆನ್ನಾಗಿವೆ. ಕಾಫಿಯ ಬಗ್ಗೆ ಅಷ್ಟು ಒಳ್ಳೆಯ ಮಾತು ನನ್ನಿಂದ ಬರುವುದಿಲ್ಲ. ಆ ಊರಿಗೆ ಬಿಳಿ ಕಾಫಿಯೆಂದು ದೊಡ್ಡ ಹೆಸರು. ಬೀಜವನ್ನು ಬೆಣ್ಣೆಯಂಥ ಜಿಡ್ಡಿನಲ್ಲಿ ಹುರಿದು, ಡಬ್ಬಿ ಹಾಲು ಸುರಿದು, ನೊರೆ ಬರಿಸಿ ಕೊಡುತ್ತಾರೆ. ಗಿಡಕ್ಕೆ ನೆರಳು ಹಿಡಿದು, ಹಣ್ಣು ಹಣ್ಣನ್ನೇ ಆರಿಸಿ ಪಿಕ್ಕಿಂಗ್ ಮಾಡಿಸಿ, ಕಣದಲ್ಲಿ ಒಣಗಿಸಿ ಕಳಿಸುವ ನಮ್ಮ ಪಾಡು ನೆನಪಾಗಿ ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯ ದಿನ ಎರಡು ಲೋಟ ಕುಡಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅಲ್ಲಿ ಎದುರು ಸಿಕ್ಕವರು ಹೇಗಿದ್ದೀರಿ ಎನ್ನುವುದಕ್ಕಿಂತ ಮೊದಲು ಊಟ ಆಯಿತಾ ಎಂದು ಕೇಳುತ್ತಾರೆ. ನಮ್ಮಲ್ಲಿ ಕಾಪಿ ಆತಾ ಎಂದು ಕೇಳುವ ಹಾಗೆಯೇ. ಆಯಿತು ಎಂದರೂ ತಿನ್ನಿಸುತ್ತಾರೆ, ಅದೂ ನಮ್ಮ ಹಾಗೆಯೇ. ಮದುವೆ ಗಡದ್ದಾಗಿ ಆಯಿತು. ಮೈಮೇಲಿದ್ದುದರಿಂದ ಕಲೆಯಾಗದೆ ಉಳಿದ ಒಂದೇ ಅಂಗಿಯನ್ನು ನಾನು ಮೂರು ಹೊತ್ತಿಗೂ ಹಾಕಿದೆ. ಲೀಲಾ ಉಳಿದ ಬಟ್ಟೆಗಳನ್ನೆಲ್ಲ ಒಗೆದು, ಸೀಸೆಯಲ್ಲಿ ಉಳಿದಿದ್ದ ಅರ್ಧ ಕಾಚಂಪುಳಿಯನ್ನು ಕಣ್ಣಿಗೊತ್ತಿಕೊಂಡಳು. ಬಟ್ಟೆಯ ಚೀಲವನ್ನು ಎರಡು ಸಲ ಒಗೆದರೂ ವಾಸನೆ ಬಿಡಲಿಲ್ಲ.

ಮದುವೆಗೆ ಬಂದವರಲ್ಲಿ ವಯಸ್ಸಾದವರನ್ನೆಲ್ಲ ನಾನು ಕೇಳಿದೆ. ಸಿದ್ದಾಪುರದಲ್ಲಿ ಕೆಲಸದವರ ಲೈನ್ ಮನೆಗಳಲ್ಲಿ ಕಲಿತ ತಮಿಳು ಅಲ್ಲಿ ಕೈಕೊಡಲಿಲ್ಲ. ಸುಬ್ಬಯ್ಯ, ಕೊಡಗಿನವನು, ಎಸ್ಟೇಟಿನಲ್ಲಿ ಕಿರಾಣಿ. ಸುಬ್ಬಯ್ಯಂದಿರು ಬೇಕಾದಷ್ಟು ಸಿಕ್ಕಿದರು: ಒಬ್ಬ ಕ್ಷೌರಿಕ, ಒಬ್ಬ ರೈಲ್ವೆಯವನು, ಒಬ್ಬ ಜೈಲಿಗೆ ಹೋಗಿಬಂದವನು. ಕೊಡಗಿನವನು ಮಾತ್ರ ಇಲ್ಲ. ನನಗೆ ಮರಳಲು ಮೂರೇ ದಿನ ಉಳಿದಿತ್ತು. ಲೀಲಾ ನನ್ನ ಮುಖ ನೋಡಿ, ಕಾಗದ ಬಂದ ಎಸ್ಟೇಟು ಎಲ್ಲಿತ್ತೋ ಅಲ್ಲಿಗೇ ಹೋಗಿಬನ್ನಿ ಭಾವ ಎಂದು ಗಂಡನನ್ನು ಜೊತೆ ಮಾಡಿ ಕಳಿಸಿದಳು.

ಎಸ್ಟೇಟು: ಕಲ್ಲಿನ ಮೇಲಿನ ಪಟ್ಟಿ

ಎಸ್ಟೇಟು ಇರಲಿಲ್ಲ. ರಬ್ಬರ್ ಮರಗಳನ್ನು ಕಡಿದು ಎಣ್ಣೆತಾಳೆ ಹಾಕಿದ್ದಾರೆ. ಬಂಗಲೆಯ ಜಾಗದಲ್ಲಿ ಹೊಸ ಬಡಾವಣೆ. ಲೈನ್ ಮನೆಗಳಿಗೆ ಅಲ್ಲಿ ಲಯಂ ಅನ್ನುತ್ತಾರಂತೆ. ಅದರ ಅಡಿಪಾಯದ ಕಲ್ಲೊಂದೂ ಉಳಿದಿರಲಿಲ್ಲ. ಉಳಿದದ್ದು ಒಂದು ಮಾರಿಯಮ್ಮನ ಗುಡಿ. ಗೋಡೆಯಲ್ಲಿ ಹಳೆಯ ಕಲ್ಲು, ಅದರ ಮೇಲೆ ಗುಡಿಯ ಗಂಟೆಗೆ ಕಾಣಿಕೆ ಕೊಟ್ಟ ಎಸ್ಟೇಟಿನವರ ಹೆಸರುಗಳು ತಮಿಳಿನಲ್ಲಿ. ನನಗೆ ತಮಿಳು ಮಾತು ಬರುತ್ತದೆ, ಓದಲು ಬರುವುದಿಲ್ಲ. ಮಾಣಿಕ್ಯಂ ಮೇಲಿನಿಂದ ಕೆಳಗೆ ಬೆರಳಾಡಿಸಿ, ಸುಬ್ಬಯ್ಯ ಇಲ್ಲ ಎಂದರು.

ಗುಡಿಯ ಕಟ್ಟೆಯ ಮೇಲೆ ಕೂತೆ. ನಿಜ ಹೇಳಬೇಕೆಂದರೆ ಅಳು ಬಂತು. ದೊಡ್ಡಪ್ಪನಿಗೆ ಏನು ಹೇಳುವುದು? ಎಂಬತ್ತಾರು ವರ್ಷದ ಮನುಷ್ಯ ಆ ಲಕೋಟೆಯನ್ನು ಮತ್ತೆ ಪೆಟ್ಟಿಗೆಯೊಳಗೆ ಇಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಲಕೋಟೆ ತೆಗೆದು ನೋಡಿದೆ. ಅಜ್ಜ ಮನೆ ಹೆಸರು ಬಿಟ್ಟು ಬರೀ ಸುಬ್ಬಯ್ಯ ಎಂದು ಬರೆದಿದ್ದರು, ಪಕ್ಕದಲ್ಲಿ ಕೆಂಪು ಶಾಯಿ. ಆ ಹೆಸರಿನವರು ಇಲ್ಲಿಲ್ಲ. ಬರೆದವನು ಎಸ್ಟೇಟಿನ ದೊಡ್ಡ ಕಚೇರಿಯಲ್ಲಿದ್ದ ನನ್ನಂಥವನೇ ಒಬ್ಬ ರೈಟರ್, ಅವನ ಚೆಕ್‌ರೋಲ್ ನೋಡಿಯೇ ಬರೆದಿರುತ್ತಾನೆ. ಆಗ ನನಗೆ ನನ್ನ ಚೆಕ್‌ರೋಲ್ ನೆನಪಾಯಿತು. ಎರಡು ವರ್ಷದ ಹಿಂದೆ ಅಸ್ಸಾಮಿನಿಂದ ಹೊಸ ಕೆಲಸದವರು ಬಂದಾಗ ಒಬ್ಬನ ಹೆಸರು ಕೇಳಿದೆ. ಅವನು ಮೊದಲು ಊರಿನ ಹೆಸರು ಹೇಳಿ ಆಮೇಲೆ ತನ್ನ ಹೆಸರು ಹೇಳಿದ. ನಾನು ಮೊದಲನೆಯದನ್ನು ಹೆಸರಿನ ಕಾಲಮ್ಮಿನಲ್ಲಿ, ಎರಡನೆಯದನ್ನು ತಂದೆಯ ಕಾಲಮ್ಮಿನಲ್ಲಿ ಬರೆದುಕೊಂಡೆ. ಒಂದು ಪಿಕ್ಕಿಂಗ್ ಮುಗಿಯುವವರೆಗೆ ಆ ಮನುಷ್ಯನನ್ನು ಅವನ ಊರಿನ ಹೆಸರಿನಿಂದಲೇ ಕರೆದೆ. ಅವನು ಪಾಪ, ಮರ್ಯಾದೆಗೆ ಓಗೊಡುತ್ತಿದ್ದ.

ನಮ್ಮವನು ಮಲಯಾದ ಕಚೇರಿಯಲ್ಲಿ ನಿಂತು ಏನು ಹೇಳಿರುತ್ತಾನೆ? ನೇರಳಕಜೆ ಸುಬ್ಬಯ್ಯ. ನಮ್ಮಲ್ಲಿ ಯಾರಾದರೂ ಹೇಳುವುದೇ ಹಾಗೆ.

ಮಾಣಿಕ್ಯಂ ಅವರನ್ನು ಕೈಹಿಡಿದು ಎಳೆದುಕೊಂಡು ಹೋಗಿ, ಪಟ್ಟಿಯನ್ನು ಮೊದಲಿನಿಂದ ಒಂದೂ ಬಿಡದೆ ಓದಿ ಎಂದೆ. ಅವರು ಓದಿದರು. ಕೆಳಗಿನಿಂದ ಮೂರನೆಯದಕ್ಕೆ ಬಂದಾಗ, ಇದು ಯಾವುದೋ ಊರಿನ ಹೆಸರು ಅಂದುಕೊಂಡು ಬಿಟ್ಟಿದ್ದೆ ಎಂದು ಓದಿ ಹೇಳಿದರು: ನೇರಳಕಜೆ, ಕಿರಾಣಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ನಾನು ಕಲ್ಲಿಗೆ ಹಣೆ ಹಚ್ಚಿದ್ದನ್ನು ನೋಡಿ ಗುಡಿಯ ಪೂಜಾರಿ ಹೊರಗೆ ಬಂದರು. ವಿಷಯ ಕೇಳಿ ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ.

"ನೇರಳಕಜೆಯಾ? ಅವನ ಲಾರಿ ಈಗ ತಾನೇ ಹೋಯಿತಲ್ಲ."

ಅಕ್ಕಮ್ಮ

ಲಾರಿಯ ನೇರಳಕಜೆ ಅರವತ್ತು ದಾಟಿದ ಗಟ್ಟಿ ಆಳು. ತಾಳೆಹಣ್ಣಿನ ಗೊನೆ ಸಾಗಿಸುವ ಲಾರಿ ಅವನದು. ನಾನು ಬಾಗಿಲಲ್ಲಿ ನಿಂತು, ನನ್ನ ಮನೆ ಹೆಸರೂ ನೇರಳಕಜೆ ಎಂದಾಗ ಅವನ ಮುಖ ಬಿಗಿಯಿತು. ಯಾರೋ ಹೆಸರು ಕೇಳಿಕೊಂಡು, ನೆಂಟಸ್ತನ ಹಚ್ಚಿ ಏನೋ ಕೀಳಲು ಬಂದಿದ್ದಾನೆ ಎಂದುಕೊಂಡ. ತಪ್ಪೇನಿಲ್ಲ, ನಾನಾದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಅದು ಊರಲ್ಲ, ಮನೆಯಲ್ಲ, ನನ್ನ ತಾತನ ಹೆಸರು. ಮೊದಲ ಮೊಮ್ಮಗ ಅಂತ ನನಗೆ ಇಟ್ಟಿದ್ದಾರೆ ಎಂದು ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದ. ಇದೆಂಥ ಹೆಸರು, ಮತ್ತೊಮ್ಮೆ ಹೇಳು ಎಂದು ಶಾಲೆಯಿಂದ ಬ್ಯಾಂಕಿನವರೆಗೆ ಎಲ್ಲರೂ ಕೇಳಿ ಕೇಳಿ ತನಗೆ ಸಾಕಾಗಿದೆ, ಈಗ ನೀನೊಬ್ಬ ಬಂದೆ ಎಂದೂ ಸೇರಿಸಿದ. ಕೂರಿ ಎಂದು ಹೇಳಲಿಲ್ಲ.

ನಾನು ಸೀಸೆ ತಂದಿದ್ದ ಅದೇ ಬಟ್ಟೆಯ ಚೀಲವನ್ನು ಹೆಗಲಿನಿಂದ ಇಳಿಸಿ ಲಕೋಟೆ ತೆಗೆಯುತ್ತಿದ್ದೆ. ಒಳಗಿನಿಂದ ಒಬ್ಬ ಮುದುಕಿ ಬಾಗಿಲ ಚೌಕಟ್ಟು ಹಿಡಿದು ಬಂದರು. ನನ್ನನ್ನು ನೋಡಲೇ ಇಲ್ಲ. ಚೀಲವನ್ನು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದರು. ಆಮೇಲೆ ಒಳಗೆ ಹೋಗಿ ಒಂದು ಗಿಡ್ಡ ಸೀಸೆ ತಂದು ನನ್ನ ಮೂಗಿಗೆ ಹಿಡಿದರು. ಕಪ್ಪಗಿತ್ತು, ಗಟ್ಟಿಯಾಗಿತ್ತು, ಸ್ವಲ್ಪ ಬೇರೆ ವಾಸನೆ, ಆದರೆ ಅದೇ ಹುಳಿ.

ಅಲ್ಲಿನ ಕಾಡಿನಲ್ಲಿ ನಮ್ಮ ಪುಳಿಯ ಜಾತಿಯದೇ ಒಂದು ಹಣ್ಣಿದೆಯಂತೆ. ಉಳಿದವರು ಅದನ್ನು ಹೋಳು ಮಾಡಿ ಒಣಗಿಸುತ್ತಾರೆ. ಕಪ್ಪಾಗುವ ತನಕ ಕುದಿಸಿ ಇಳಿಸುತ್ತಿದ್ದದ್ದು ಆ ಎಸ್ಟೇಟಿನಲ್ಲಿ ಒಬ್ಬರೇ, ಈ ಮುದುಕಿಯ ಅಪ್ಪ. ಹಂದಿಸಾರಿಗೆ ಹಾಕಲು. ಅವರು ಹೋದ ಮೇಲೆ ಮಗಳು ಪ್ರತಿ ವರ್ಷ ಕುದಿಸುತ್ತಿದ್ದಾರೆ. ಯಾಕೆಂದು ಕೇಳಿದವರಿಗೆ, ನಮ್ಮ ಮನೆಯಲ್ಲಿ ಹೀಗೆ ಎಂದಷ್ಟೇ ಹೇಳಲು ಅವರಿಗೆ ಗೊತ್ತಿತ್ತು.

ಲಾರಿಯ ನೇರಳಕಜೆ ಆ ಮುದುಕಿಯ ತಮ್ಮನ ಮಗ. ನಿಮ್ಮ ಹೆಸರೇನು ಎಂದು ಅವರನ್ನು ಕೇಳಿದೆ. ಅಕ್ಕಮ್ಮ ಎಂದರು. ದೊಡ್ಡಪ್ಪ ಕೂಗುವ ಪಟ್ಟಿಯಲ್ಲಿ ಪೂವಯ್ಯಜ್ಜನಿಗಿಂತ ಮುಂಚೆ ಬರುವ ಎಲೆ ಅಕ್ಕಮ್ಮನದು, ಪೂವಯ್ಯ ಸುಬ್ಬಯ್ಯರನ್ನು ಹೆತ್ತವಳದು. ಸುಬ್ಬಯ್ಯ ತನ್ನ ಮಗಳಿಗೆ ತಾಯಿಯ ಹೆಸರಿಟ್ಟಿದ್ದ.

ನನ್ನ ಅಜ್ಜ ಅವರ ದೊಡ್ಡಪ್ಪ. ಅಂದರೆ ಅವರು ನನಗೆ ಅತ್ತೆ ಆಗಬೇಕು. ಅತ್ತೆ ಎಂದು ಕರೆದು ಕಾಲು ಮುಟ್ಟಿದೆ. ಅವರು ಮೊದಲು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಮರೆತಿಲ್ಲ. ಹೇಳದೆ ಬಂದದ್ದಕ್ಕೆ ಅಪ್ಪನ ಮೇಲೆ ಅಲ್ಲಿ ಎಲ್ಲರಿಗೂ ಕೋಪವಾ? ಕಾಗದ ಬರೆದು ಜವಾಬಿಗೆ ಅಪ್ಪ ಎರಡು ವರ್ಷ ಕಾದರಂತೆ. ಬರಲಿಲ್ಲ. ಅಣ್ಣ ನನ್ನನ್ನು ಬಿಟ್ಟುಬಿಟ್ಟ ಎಂದುಕೊಂಡು ಮತ್ತೆ ಬರೆಯಲೇ ಇಲ್ಲವಂತೆ.

ನಾನು ಲಕೋಟೆಯನ್ನು ಅವರ ಕೈಗೆ ಕೊಟ್ಟೆ. ಅವರು ಅಂಚು ಒಡೆದು ಕಾಗದವನ್ನು ನನಗೇ ವಾಪಸು ಚಾಚಿದರು. ಕನ್ನಡ ಅವರಿಗೆ ಬಾರದು, ನಾನೇ ಓದಿ ತಮಿಳಿನಲ್ಲಿ ಹೇಳಿದೆ. ಎಂಟು ಸಾಲು. ಹೇಳದೆ ಹೋದದ್ದಕ್ಕೆ ಮನೆಯಲ್ಲಿ ಯಾರಿಗೂ ಕೋಪವಿಲ್ಲ. ಅವ್ವ ದಿನಾ ನಿನ್ನ ತಟ್ಟೆ ತೊಳೆದಿಡುತ್ತಾಳೆ. ನೀನು ಸಾಕಿದ ನಾಯಿ ಮರಿ ಹಾಕಿದೆ. ಯಾವಾಗ ಬೇಕಾದರೂ ಬಾ, ಬರುವ ಮೊದಲು ಒಂದು ಸಾಲು ಬರೆ, ನಾನು ಎದುರುಗೊಳ್ಳಲು ಬರುತ್ತೇನೆ.

ಅಕ್ಕಮ್ಮತ್ತೆ ಅತ್ತರು, ನಾನೂ ಅತ್ತುಬಿಟ್ಟೆ. ಲಾರಿಯ ನೇರಳಕಜೆ ಒಳಗೆ ಹೋಗಿ ಕುರ್ಚಿ ತಂದು ಹಾಕಿ, ಕೂರು ತಮ್ಮಾ ಎಂದ.

ಕಚೇರಿಯವನು ತಪ್ಪು ಬರೆದುಕೊಂಡದ್ದು ಸುಬ್ಬಯ್ಯಜ್ಜನಿಗೆ ಬಂದ ವರ್ಷವೇ ಗೊತ್ತಾಗಿತ್ತಂತೆ. ಆದರೆ ಅಷ್ಟರಲ್ಲಿ ಮನೆಗೆ ಕಾಗದ ಹೋಗಿಯಾಗಿತ್ತು. ಜವಾಬು ಬಂದು ವಾಪಸು ಹೋದದ್ದು ಮಾತ್ರ ಅವರಿಗೆ ತಿಳಿಯಲೇ ಇಲ್ಲ. ತಿದ್ದಿಸಬಹುದಿತ್ತಲ್ಲ, ಅವರೇ ಕಿರಾಣಿ ಅಲ್ಲವೇ ಎಂದು ಕೇಳಿದೆ. ಮೊಮ್ಮಗನಿಗೆ ಆ ಹೆಸರು ಇಡುವ ದಿನ ಮಗನೂ ಅದನ್ನೇ ಕೇಳಿದ್ದನಂತೆ. ಆಗ ಅಪ್ಪ ಹೇಳಿದ್ದನ್ನು, ಲಾರಿಯ ನೇರಳಕಜೆಯೂ ಅಲ್ಲಿಯವರೆಗೆ ಕೇಳಿರದಿದ್ದದ್ದನ್ನು, ಅತ್ತೆ ಹಾಗೆಯೇ ಹೇಳಿದರು.

"ನನ್ನ ಹೆಸರು ಹೋದರೆ ಹೋಗಲಿ. ಸುಬ್ಬಯ್ಯ ಅಂತ ಕೂಗಿದರೆ ಈ ದೇಶದಲ್ಲಿ ನೂರು ಜನ ತಿರುಗಿ ನೋಡುತ್ತಾರೆ. ಇದನ್ನು ಕೂಗಿಕೊಂಡು ಬರುವವರು ನಮ್ಮ ಮನೆಯವರು ಮಾತ್ರ."

ಅಜ್ಜ ಲಕೋಟೆಯ ಮೇಲೆ ಬರೆದದ್ದೂ, ನಾನು ಇಪೋದಲ್ಲಿ ಕೇಳಿಕೊಂಡು ತಿರುಗಿದ್ದೂ ಸುಬ್ಬಯ್ಯ ಅಂತಲೇ.

ಮತ್ತೆ ಭಾಗಮಂಡಲ

ನೇರಳಕಜೆ ಅಣ್ಣ ಹುತ್ತರಿಗೆ ಮೊದಲು ಬಂದ. ಅಕ್ಕಮ್ಮತ್ತೆಗೆ ಅಷ್ಟು ದೂರದ ಪ್ರಯಾಣ ಆಗದು. ತಾವು ಕುದಿಸಿದ ಹುಳಿಯ ಸೀಸೆ ಕಳಿಸಿದ್ದರು. ಅದು ಒಂದು ಹನಿಯೂ ಸೋರದೆ ಬಂದು ನನ್ನ ಹೆಂಡತಿಯ ಮಾನ ಕಳೆಯಿತು.

ಭಾಗಮಂಡಲದಲ್ಲಿ ಬಸ್ಸಿಳಿದು ಜೀಪಿಗೆ ಕಾಯುತ್ತ ಕಾಫಿಗೆಂದು ಅಂಗಡಿಯೊಂದಕ್ಕೆ ಹೋದೆವು. ನಾನು ಲಗೇಜು ಒಳಗೆ ತರುತ್ತಿದ್ದೆ. ಬೆಂಚಿನಲ್ಲಿದ್ದ ಒಬ್ಬ ಅಜ್ಜ, ನಮ್ಮ ಕಡೆ ಹೊಸಬರನ್ನು ಕಂಡ ತಕ್ಷಣ ಕೇಳುವ ಪ್ರಶ್ನೆಯನ್ನು ಅಣ್ಣನಿಗೆ ಕೇಳಿದರು.

"ನೀವು ಯಾವ ಮನೆಯವು?"

ಮನೆ ಎಂಬ ಒಂದು ಮಾತನ್ನು ಅಣ್ಣನಿಗೆ ನಾನು ಬಸ್ಸಿನಲ್ಲಿ ಕಲಿಸಿದ್ದೆ. ಅವನು ಹೆದರಿಕೊಂಡೇ ತನ್ನ ಹೆಸರು ಹೇಳಿದ. ಮತ್ತೊಮ್ಮೆ ಹೇಳು ಎನ್ನುತ್ತಾರೆಂದು ಕಾದ. ಅಜ್ಜ ಬೆಂಚಿನಲ್ಲಿ ಸರಿದು ಜಾಗ ಬಿಟ್ಟರು.

"ಓ, ಮೇಲೆ ನೇರಳಕಜೆನವು. ಕುದ್ರಿ, ಕಾಪಿ ಕುಡಿರಿ."

ಅಣ್ಣ ನನ್ನ ಕಡೆ ತಿರುಗಿ ನೋಡಿದ. ಅರವತ್ತು ವರ್ಷದಲ್ಲಿ ಇವತ್ತೇ ಮೊದಲು ಯಾರೂ ಇದೆಂಥ ಹೆಸರು ಎಂದು ಕೇಳಲಿಲ್ಲ ಎಂದು ತಮಿಳಿನಲ್ಲಿ ಹೇಳಿದ. ಕಾಫಿಯನ್ನು ಮೂರು ಲೋಟ ಕುಡಿದ, ಹೊಗಳಿದ. ಆ ಮಟ್ಟಿಗೂ ನಾನು ಗೆದ್ದೆ.

ಮನೆಯ ಬಾಗಿಲಲ್ಲಿ ದೊಡ್ಡಪ್ಪ ಕಾಯುತ್ತಿದ್ದರು. ಅವನ ಎರಡೂ ಕೈ ಹಿಡಿದುಕೊಂಡು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಅವನ ಅಜ್ಜ ಹೇಗೆ ಹೋದರು ಎಂದು ಕೇಳಿದರು. ಅಣ್ಣ ಹೇಳಿದ: ಕಾಯಿಲೆ ಬಿದ್ದು ಎರಡು ದಿನ, ತಾನು ಪಕ್ಕದಲ್ಲೇ ಇದ್ದೆ, ಬಾಯಿಗೆ ನೀರು ಬಿಟ್ಟದ್ದು ತಾನೇ. ನಾನು ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿ, ಸರಿ, ಕಂಡವನೇ ಬಂದು ಹೇಳಿದ ಹಾಗಾಯಿತು ಎಂದು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಹಂದಿಸಾರಿಗೆ ಬಿದ್ದದ್ದು ಅಕ್ಕಮ್ಮತ್ತೆಯ ಹುಳಿ. ನಡುಕೋಣೆಯಲ್ಲಿ ಎಲ್ಲರೂ ನಿಂತೆವು. ದೊಡ್ಡಪ್ಪ ಒಂದೊಂದೇ ಹೆಸರು ಕೂಗಿದರು, ಒಂದೊಂದೇ ಎಲೆ ಹಾಸಿದೆವು. ನೇರಳಕಜೆ ಅಕ್ಕಮ್ಮ. ನೇರಳಕಜೆ ಪೂವಯ್ಯ. ಅಲ್ಲಿಗೆ ಬಂದು, ಇಷ್ಟು ವರ್ಷದ ಅಭ್ಯಾಸದಿಂದ, ಒಂದು ಎಲೆಯಷ್ಟು ಜಾಗ ಬಿಟ್ಟು ಮುಂದೆ ಹೋಗಿ, ತಿರುಗಿ ಬಂದರು. ಆಮೇಲೆ ಅಣ್ಣನ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ತಂದರು.

"ಇದ್ ನೀ ಕೂಗು, ಮಗ."

ಅಣ್ಣ ಕೈ ಮುಗಿದ. ಮೊದಲು ತನ್ನ ಹೆಸರು ಹೇಳಿದ, ಆಮೇಲೆ ಅಜ್ಜನದು.

"ನೇರಳಕಜೆ ಸುಬ್ಬಯ್ಯ."

ನಾನು ಆ ಖಾಲಿ ಜಾಗದಲ್ಲಿ ಹನ್ನೆರಡನೆಯ ಎಲೆ ಹಾಸಿದೆ.